ಅಕ್ಕನ ಹಕ್ಕರಿಕೆ ಮಡಿ

ಕೊಪ್ಪಳದ ನಮ್ಮ ಮನೆಯ ಹಿತ್ತಲು ಬರೀ ಗರಸು. ಗುದ್ದಲಿ ಹಾಕಿದರೆ ಕಿಡಿ ಹಾರುವಂಥ ನೆಲ. ಅಲ್ಲಿ ಏನೂ ಬೆಳೆಯುವುದಿಲ್ಲವೆಂದು ನಾನು ಎಂದೋ ಕೈಬಿಟ್ಟಿದ್ದೆ. ಚಿಕಿತ್ಸೆಗೆಂದು ಬಂದು ನಮ್ಮಲ್ಲೇ ಉಳಿದ ಅಕ್ಕ ಮಾತ್ರ ಬಿಡಲಿಲ್ಲ. ಅವಳಿಗೆ ಹೊಟ್ಟೆಯ ಕ್ಯಾನ್ಸರ್. ಅನ್ನ ಸೇರುತ್ತಿರಲಿಲ್ಲ, ರೊಟ್ಟಿ ಸೇರುತ್ತಿರಲಿಲ್ಲ. ಕೇಳಿದ್ದು ಒಂದೇ, ಹಕ್ಕರಿಕೆ. ಊಟದ ಜೊತೆ ಹಸಿಯಾಗಿಯೇ ತಿನ್ನುವ ಆ ಸೊಪ್ಪು ಮಾರ್ಕೆಟ್ಟಿನಲ್ಲಿ ರಾಶಿ ಸಿಗುತ್ತದೆ. ಅವಳಿಗೆ ಅದು ಬೇಡ. ನಮ್ಮೂರ ಮಣ್ಣಿನದೇ ಆಗಬೇಕು.

"ನಮ್ಮ ಹೊಲದ ಯರಿ ಮಣ್ಣು ತಂದು ಹಾಕೋ ತಮ್ಮಾ. ಬಂಗಾರದಂಥಾ ಮಣ್ಣು ಅದು."

ನಮ್ಮೂರು ಯಲಬುರ್ಗಾ ಕಡೆಯ ಮಂಗಳೂರು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರಲ್ಲ, ಹಾಗೆ ಆ ಕಪ್ಪು ಮಣ್ಣಿನ ಮೇಲೆ ನಮ್ಮಿಬ್ಬರಿಗೂ ವಿಪರೀತ ಹೆಮ್ಮೆ. ಇಟ್ಟಿಗೆ ಜೋಡಿಸಿ ಗೇಣೆತ್ತರದ ಮಡಿ ಕಟ್ಟಿ, ಟಂಟಂ ಗಾಡಿಯಲ್ಲಿ ಚೀಲಗಟ್ಟಲೆ ಮಣ್ಣು ತರಿಸಿ ತುಂಬಿದೆ. ಅಕ್ಕ ಮಡಿಯ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತು ತಾನೇ ಬೀಜ ಉದುರಿಸಿದಳು.

ನೀರು ಹಾಕಿದರೆ ಅಂಟು, ಬಿಸಿಲು ಬಿದ್ದರೆ ಕಲ್ಲು. ಮೊಳಕೆ ಎದ್ದ ಸ್ವಲ್ಪ ದಿನಕ್ಕೇ ಮಣ್ಣು ಬಿರಿದು ಎಳೆಯ ಬೇರುಗಳು ಹರಿದುಹೋದವು. ನನಗೆ ಕೆಟ್ಟ ಸಿಟ್ಟು ಬಂತು. ಗುದ್ದಲಿ ಬಿಸಾಕಿ, "ಬಂಗಾರ ಅಂತ ಬಂಗಾರ" ಎಂದುಬಿಟ್ಟೆ. ಅಕ್ಕ ಬಿರುಕಿನೊಳಗೆ ಬೆರಳಿಟ್ಟು ನೋಡಿದಳು.

"ಅದರದೇನೂ ತಪ್ಪಿಲ್ಲೋ. ಹೊಲದಾಗ ಬಿಟ್ರ ತಾನಾ ಬಿರೀತೈತಿ, ತಾನಾ ಕೂಡ್ತೈತಿ. ಇಲ್ಲಿ ನಾಕ ಇಟ್ಟಂಗಿ ನಡುವ ಏನ್ ಮಾಡೀತು ಪಾಪ? ಉಸುಕು, ಕುರಿ ಗೊಬ್ಬರ, ಶೇಂಗಾ ಹೊಟ್ಟು ಹಾಕಿ ಕಲಸು. ಕಳೀಲಿ."

ಕಲಸಿದೆ. ಬೇವಿನ ಸೊಪ್ಪು ಮುಚ್ಚಿ ನೀರು ಚಿಮುಕಿಸಿದೆ, ಮತ್ತೆ ಮತ್ತೆ ತಿರುವಿ ಹಾಕಿದೆ. ಹೊಟ್ಟು ಕಳಿತು ಮಣ್ಣಾಗಲು ತಿಂಗಳುಗಟ್ಟಲೆ ಬೇಕು. ಮಣ್ಣಿಗೇನು ಅವಸರ, ಅವಸರ ನಮಗಿತ್ತು. "ಕಳೀತೇನೋ?" ಎಂದು ಅಕ್ಕ ದಿನಾ ಕೇಳುವಳು. "ಇನ್ನೊಂದೀಟು ಅಕ್ಕಾ" ಎಂದು ನಾನು ದಿನಾ ಹೇಳುತ್ತಿದ್ದೆ.

ಆಮೇಲೆ ಅವಳಿಗೆ ಹಾಸಿಗೆ ಬಿಟ್ಟು ಏಳಲಾಗಲಿಲ್ಲ. ಒಂದು ಬೆಳಿಗ್ಗೆ ನಾನು ಮಾರ್ಕೆಟ್ಟಿನಿಂದ ಒಂದು ಸಿವುಡು ಹಕ್ಕರಿಕೆ ತಂದು, ಬೇರು ಸಮೇತ ತಟ್ಟೆಯಲ್ಲಿಟ್ಟು, "ನಮ್ಮ ಮಡೀದು ಅಕ್ಕಾ, ಈಗ ಕಿತ್ತೀನಿ" ಎಂದೆ. ಅವಳು ಒಂದು ಗಿಡ ಎತ್ತಿ ಬೇರನ್ನು ತಿರುಗಿಸಿ ನೋಡಿದಳು. ಅದಕ್ಕೆ ಕೆಂಪು ಮಣ್ಣು ಅಂಟಿತ್ತು. ಆಮೇಲೆ ನನ್ನ ಮುಖ ನೋಡಿದಳು. ಎರಡು ಎಲೆ ಹರಿದು ಬಾಯಿಗಿಟ್ಟುಕೊಂಡು ತುಂಬಾ ಹೊತ್ತು ಅಗಿದಳು.

"ಭಾಳ ಛಲೋ ಅದಾವೋ ತಮ್ಮಾ. ನಮ್ಮ ಮಣ್ಣಿನ ರುಚೀನ ಬ್ಯಾರೆ."

ನಾನು ಹಿತ್ತಲಿಗೆ ಹೋಗಿ ಅತ್ತೆ.

ಅವಳು ತೀರಿಕೊಂಡು ಒಂದು ಮಳೆಗಾಲ ಕಳೆದ ಮೇಲೆ ಮಡಿಗೆ ಕೈ ಹಾಕಿದೆ. ಹೊಟ್ಟು ಎಲ್ಲೂ ಕಾಣಲಿಲ್ಲ. ಮಣ್ಣು ಪುಡಿಪುಡಿಯಾಗಿ ಬೆರಳ ಸಂದಿಯಿಂದ ಉದುರಿತು, ನಡುವೆ ಎರೆಹುಳ. ಅವಳು ಉಳಿಸಿದ್ದ ಬೀಜವನ್ನೇ ಹಾಕಿದೆ. ಓಣಿಯವರಿಗೆಲ್ಲ ಹಂಚುವಷ್ಟು ಹಕ್ಕರಿಕೆ ಬಂತು. ಮೊದಲ ಗಿಡ ಕಿತ್ತಾಗ, ಅಂದು ಅವಳು ಮಾಡಿದಂತೆಯೇ ಬೇರನ್ನು ತಿರುಗಿಸಿ ನೋಡಿದೆ. ಕಪ್ಪು ಮಣ್ಣು ಅಂಟಿತ್ತು. ತೋರಿಸೋಣವೆಂದರೆ ಅಕ್ಕನೇ ಇಲ್ಲ.