ಕೆಮ್ಮದೆ ಒಳಗೆ ಬರುವಂತಿಲ್ಲ

ನಮ್ಮ ಚಿಕ್ಕಮ್ಮನ ಹೊಲಿಗೆ ಕೋಣೆಗೆ ಗಂಡಸರು ಕೆಮ್ಮದೆ ಕಾಲಿಡುವಂತಿಲ್ಲ. ತೀರಿಹೋದ ಚಿಕ್ಕಪ್ಪ ಕೂಡ ಹಜಾರದಲ್ಲಿ ನಿಂತು ಕೆಮ್ಮಿ, ಒಳಗಿಂದ "ಹ್ಞೂಂ" ಎಂದ ಮೇಲೆಯೇ ಕನ್ನಡಕ ಹುಡುಕಲು ಬರುತ್ತಿದ್ದರು. ಚಿಕ್ಕಮ್ಮ ಹಳೆ ಬಟ್ಟೆ ನೋಡಿ ಅಳತೆ ತೆಗೆಯುವವಳಲ್ಲ, ಮೈಮೇಲೆಯೇ ಟೇಪು ಹಿಡಿಯುವವಳು. ಬಾಗಿಲಿಗೆ ಅಗುಳಿ, ಕಿಟಕಿಗೆ ಪರದೆ, ಆಮೇಲೆ ಟೇಪು. ಆ ನಂಬಿಕೆಗೇ ಹೆಂಗಸರು ಎರಡು ಬಸ್ಸು ಹತ್ತಿ ಬರುತ್ತಿದ್ದರು.

ಹೋದ ವರ್ಷ ಯಾರೋ ಹಿತ್ತಿಲ ಬೀಗ ಒಡೆದು ಗಿರಾಕಿಗಳ ಬಟ್ಟೆಯ ಗಂಟು ಕದ್ದರು. ಕ್ಯಾಮೆರಾ ಬೇಕೆಂದು ಚಿಕ್ಕಮ್ಮನಿಗೇ ಅನ್ನಿಸಿತು. ಆರಿಸುವ ಕೆಲಸವನ್ನು ತಮ್ಮನಿಗೆ, ಅಂದರೆ ನನ್ನ ಮಾವನಿಗೆ ಬಿಟ್ಟಳು. ಮಾವ ಗೋದಾಮಿನ ಮೇಲ್ವಿಚಾರಕ. ಮೂಟೆ ಹೊರುವವರು ಬೀಡಿ ಹಚ್ಚಿದರೂ ಫೋನಿನಲ್ಲೇ ನೋಡಿ ಗದರಿಸುವ ಆಸಾಮಿ. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ತರುವುದು ಅವನ ಹುಟ್ಟುಗುಣ. ಚಿಕ್ಕಮ್ಮ ದಾರ ತರಲು ಹೋದಾಗ ಗೋದಾಮಿನ ಕ್ಯಾಮೆರಾದವನನ್ನೇ ಕರೆತಂದು ಗೇಟಿಗೆ, ಹಿತ್ತಿಲಿಗೆ, ಜೊತೆಗೆ ಹೊಲಿಗೆ ಕೋಣೆಯ ಮೂಲೆಗೂ ಹಾಕಿಸಿದ. ಮೂಲೆಯ ಬಿಳಿ ಗುಂಡನ್ನು ಚಿಕ್ಕಮ್ಮ ಹೊಸ ಬಲ್ಬೆಂದುಕೊಂಡಳು.

ಮರುದಿನ ಒಬ್ಬ ಟೀಚರು ಅಳತೆಗೆ ಬಂದಿದ್ದರು. ನಾನು ಪಕ್ಕದಲ್ಲಿ ಕಾಜ ಹೊಲಿಯುತ್ತಿದ್ದೆ. ಅವರು ಶಾಲು ತೆಗೆದದ್ದೇ ತಡ, ಚಿಕ್ಕಮ್ಮನ ಫೋನು ಬಡಿದುಕೊಂಡಿತು. ಕೈಯಲ್ಲಿ ಟೇಪಿದ್ದುದರಿಂದ ಸ್ಪೀಕರ್ ಒತ್ತಿದಳು.

"ಏನಕ್ಕಾ, ಮಿಷನ್ ನಿಲ್ಸಿ ಹರಟೆನಾ? ಎಲ್ಲಾ ಕಾಣ್ತಿದೆ ನಂಗೆ!"

ಮಾವನಿಗೆ ತಮಾಷೆ. ಟೀಚರು ಶಾಲನ್ನು ಎದೆಗವುಚಿಕೊಂಡು ಗೋಡೆಗೆ ಸರಿದರು. ಚಿಕ್ಕಮ್ಮ ಮೂಲೆಯ ಬಿಳಿ ಗುಂಡಿನತ್ತ ನೋಡಿದಳು, ಸ್ಟೂಲು ಹತ್ತಿ ಕತ್ತರಿಯಿಂದ ಅದರ ವೈರನ್ನೇ ಕತ್ತರಿಸಿದಳು. ಬಟ್ಟೆ ಬಿಟ್ಟು ಬೇರೇನೂ ಮುಟ್ಟದ ಕತ್ತರಿ ಅದು. ಕಾಗದ ಕತ್ತರಿಸಿದ್ದಕ್ಕೆ ನನ್ನ ಬೆನ್ನಿಗೆ ಬಿದ್ದ ಗುದ್ದು ಇನ್ನೂ ನೆನಪಿದೆ. ಟೀಚರು ಅಳತೆ ಕೊಡದೆ ಹೋದರು. ಸುದ್ದಿ ಹಬ್ಬಿ, ಮತ್ತಿಬ್ಬರು ಬಟ್ಟೆ ವಾಪಸು ಒಯ್ದರು.

ಮಾವ ಓಡಿಬಂದ. "ನಿನ್ನ ಒಳ್ಳೇದಕ್ಕೇ ಮಾಡಿದ್ದು. ನಾನೇನು ಹೊರಗಿನವನಾ ಅಕ್ಕಾ?"

"ನಂಗೆ ನೀನು ತಮ್ಮ ಕಣೋ. ಆ ಟೀಚರಿಗೆ ನೀನು ಯಾರು?"

ಬೇಲಿಯೇ ಎದ್ದು ಹೊಲ ಮೇಯ್ದ ಮೇಲೆ ಮಾತೇನು? ಫೋನಿನಲ್ಲಿದ್ದ ಚಿತ್ರಗಳನ್ನೆಲ್ಲ ಅವನ ಕೈಯಿಂದಲೇ ಅಳಿಸಿಹಾಕಿಸಿ, ಮೂರೂ ಕ್ಯಾಮೆರಾ ಚೀಲಕ್ಕೆ ತುಂಬಿ ಕೊಟ್ಟಳು. "ನಿನ್ನ ಗೋದಾಮಿಗೇ ಹಾಕ್ಕೋ."

ನನ್ನನ್ನು ಕರೆದುಕೊಂಡು ತಾನೇ ಅಂಗಡಿಗೆ ಹೊರಟಳು.

"ಕತ್ತಲಲ್ಲೂ ಕಾಣತ್ತೆ, ಮಾತೂ ಕೇಳ್ಸತ್ತೆ," ಅಂಗಡಿಯವನು ಶುರುಮಾಡಿದ.

"ಯಾರಿಗೆ ಕಾಣತ್ತೆ? ಅದನ್ನ ಹೇಳಿ ಮೊದ್ಲು."

ಅವನು ಡಬ್ಬಿಯ ಮೇಲಿನ ಬರಹ ಓದತೊಡಗಿದ. ಕೊನೆಗೆ ಚಿತ್ರವೆಲ್ಲ ಮನೆಯ ಪೆಟ್ಟಿಗೆಯಲ್ಲೇ ಉಳಿದು, ತನ್ನ ಫೋನಿಗೆ ಮಾತ್ರ ಕಾಣುವ ಸೆಟ್ಟು ಆರಿಸಿದಳು. ಎರಡೇ ಕ್ಯಾಮೆರಾ, ಎರಡಕ್ಕೂ ಮುಖ ಹೊರಗಡೆಗೆ.

ಕೂರಿಸಲು ಬಂದ ಮೊದಲನೆಯವನು "ಒಳಗೊಂದು ಪುಕ್ಕಟೆ ಹಾಕ್ಕೊಡ್ತೀನಮ್ಮಾ" ಎಂದ. ಏಣಿ ಇಳಿಸುವ ಮೊದಲೇ ಅವನಿಗೆ ಗೇಟು ತೋರಿಸಿದಳು. ಎರಡನೆಯವನು, "ಪಾಸ್‌ವರ್ಡ್ ನೀವೇ ಒತ್ತಿ. ನಂಗೂ ಹೇಳ್ಬೇಡಿ" ಎಂದು ಗೋಡೆಯತ್ತ ತಿರುಗಿ ನಿಂತ. ಕೆಲಸ ಅವನಿಗೇ ಸಿಕ್ಕಿತು.

ಆಮೇಲೆ ಚಿಕ್ಕಮ್ಮ ಟೀಚರ ಮನೆಗೆ ಹೋದಳು. "ಬಾಯಲ್ಲಿ ಹೇಳಿದ್ರೆ ನಂಬಬೇಡಿ. ಬಂದು ನೋಡಿ."

ಅವರು ಬಂದರು. ಫೋನಿನಲ್ಲಿ ಗೇಟು ನೋಡಿದರು, ಹಿತ್ತಿಲು ನೋಡಿದರು. ಸ್ಟೂಲು ಹತ್ತಿ, ಮೂಲೆಯಲ್ಲಿ ಸಿಮೆಂಟು ಮೆತ್ತಿದ್ದ ತೂತನ್ನು ಬೆರಳಿನಿಂದ ಒತ್ತಿ ನೋಡಿದರು. ಇಳಿದು ಬಂದು ಬಾಗಿಲ ಅಗುಳಿಯನ್ನು ತಾವೇ ಹಾಕಿದರು. ನನಗೆ ಅಳು ಬಂತು, ಸುಳ್ಳೇಕೆ ಹೇಳಲಿ.

ಅಳತೆ ಅರ್ಧವಾಗಿತ್ತು. ಫೋನಿನ ಪರದೆಯ ಮೇಲೆ ಮಾವ ಕಾಣಿಸಿಕೊಂಡ. ಗೇಟು ದಾಟಿ ಬಂದು, ಹಜಾರದಲ್ಲಿ ಚಪ್ಪಲಿ ಬಿಟ್ಟು ಕೂಗಿದ.

"ಅಕ್ಕಾ, ನಾನು! ಬಾಗ್ಲು ತೆಗಿ. ಕಾಣ್ಲಿಲ್ವಾ?"

"ಕಂಡೆ. ಕೆಮ್ಮು."

ಹೊರಗಿಂದ ಸಣ್ಣದೊಂದು ಕೆಮ್ಮು.

"ಕೇಳಿಸ್ಲಿಲ್ಲ," ಎಂದರು ಟೀಚರು.