ಕಂಪ್ಯೂಟರಿಗೆ ಮೊಟ್ಟೆ ಕಾಯಲು ಕಲಿಸಿದ ಟೀಚರಕ್ಕ

ಟೀಚರಕ್ಕ ಮೊಟ್ಟೆಯ ಬಿಸಿ ನೋಡುತ್ತಿದ್ದುದು ಕಣ್ಣಿನಿಂದ. ಕನ್ನಡಕವನ್ನು ಹಣೆಗೇರಿಸಿ, ಮುಚ್ಚಿದ ರೆಪ್ಪೆಗೆ ಮೊಟ್ಟೆಯನ್ನು ಮೆಲ್ಲಗೆ ಒತ್ತಿ, ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು. ಆಮೇಲೆ "ಸ್ವಲ್ಪ ಜಾಸ್ತಿಯಾಯ್ತು" ಅನ್ನುವರು. ಥರ್ಮಾಮೀಟರ್ ನೋಡಿದರೆ ಅದೂ ಅದನ್ನೇ ಹೇಳುತ್ತಿತ್ತು.

ಸಾಗರದಲ್ಲಿ ನಮ್ಮ ಪಕ್ಕದ ಮನೆ ಅವರದು. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದ ಮೇಲೆ ಹಿತ್ತಲ ಕೋಣೆಯಲ್ಲಿ ಮೊಟ್ಟೆಗೆ ಕಾವು ಕೊಟ್ಟು ಕೋಳಿಮರಿ ಮಾಡಿಸುವ ಪೆಟ್ಟಿಗೆ ಇಟ್ಟಿದ್ದರು. ಟೀಚರಾಗಿದ್ದವರಿಗೆ ಕೋಳಿ ವ್ಯಾಪಾರವೇ ಎಂದು ನೆಂಟರು ಆಡಿಕೊಂಡರೆ, "ಹುಡುಗರಿಗಿಂತ ಇವು ಹೇಳಿದ್ದು ಕೇಳ್ತವೆ" ಎಂದು ನಗುತ್ತಿದ್ದರು. ಮದುವೆಯಾಗಿ ಆ ಊರಿಗೆ ಬಂದಿದ್ದ ನನ್ನನ್ನು ಕೆಲಸಕ್ಕೆ ಜೊತೆ ಸೇರಿಸಿಕೊಂಡರು. ಎಲ್ಲ ಕಡೆಯೂ ಕಾವು ತಾಗಲೆಂದು ಹೊತ್ತುಹೊತ್ತಿಗೆ ಮೊಟ್ಟೆ ಹೊರಳಿಸುವುದು ನನ್ನ ಪಾಲಿಗೆ ಬಂತು.

ಎಂಬತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ ಸಿಡಿಲು ಹೊಡೆದು, ಪೆಟ್ಟಿಗೆಯ ಬಿಸಿಯನ್ನು ಹದದಲ್ಲಿಡುವ ಯಂತ್ರದ ಡಬ್ಬಿ ಸುಟ್ಟುಹೋಯಿತು. ಒಳಗೆ ತುಂಬ ಮೊಟ್ಟೆ. ಅದನ್ನು ಮಾರಿದ್ದ ಬೆಂಗಳೂರಿನವರು ಫೋನಿನಲ್ಲಿ, "ಪಾರ್ಟು ಬರೋದು ತಿಂಗಳಾಗುತ್ತೆ. ಬೇರೆ ಯಾರೂ ಬಿಚ್ಚಬೇಡಿ" ಅಂದರು. ನಾವಿಬ್ಬರೂ ಸರದಿಯಲ್ಲಿ ಕೂತು ಹೀಟರಿನ ಸ್ವಿಚ್ಚು ಹಾಕುವುದು, ಆರಿಸುವುದು ಮಾಡಿದೆವು.

ಅವರ ತಮ್ಮ ವಿದೇಶದಿಂದ ತಂದುಕೊಟ್ಟಿದ್ದ ಪುಟ್ಟ ಕಂಪ್ಯೂಟರೊಂದು ಮನೆಯಲ್ಲಿತ್ತು. ರಜೆಗೆ ಬಂದ ಮಕ್ಕಳು ಅದನ್ನು ಟಿವಿಗೆ ಸಿಕ್ಕಿಸಿ ಆಟ ಆಡುತ್ತಿದ್ದರು. ಪ್ರತಿ ಸಲವೂ ಪ್ರೋಗ್ರಾಮನ್ನು ಟೇಪ್‌ರೆಕಾರ್ಡರಿನಿಂದ ತುಂಬಬೇಕಿತ್ತು. ಟೀಚರಕ್ಕ ಅದರ ಪುಸ್ತಕ ಹಿಡಿದು ಕೂತರು. ಆಟದ ಹಿಡಿಕೆ ಸಿಕ್ಕಿಸುವ ಜಾಗಕ್ಕೆ ಬಿಸಿ ಅಳೆಯುವ ತಂತಿ ಜೋಡಿಸಿದರು. ಟೇಪ್‌ರೆಕಾರ್ಡರನ್ನು ಓಡಿಸಿ ನಿಲ್ಲಿಸುವ ತಂತಿಯಿಂದಲೇ ಹೀಟರು ಹತ್ತಿ ಆರುವಂತೆ ಮಾಡಿದರು.

"ಅಕ್ಕ, ಇದು ಆಟದ್ದಲ್ವಾ?" ಅಂದೆ.

"ಆಟಕ್ಕೆ ಅಂತ ಮಾಡಿದ್ದಲ್ಲ ಮಾರಾಯ್ತಿ. ಇಂಥದ್ದಕ್ಕೇ ಅಂತ ಮಾಡಿದ್ದೇ ಅಲ್ಲ. ಅದಕ್ಕೇ ನಾವು ಹೇಳಿದ್ದು ಮಾಡುತ್ತೆ."

ಆ ಸಲ ಬಹುಪಾಲು ಮರಿ ಬಂದವು. ಮುಂದಿನ ಮೊಟ್ಟೆ ಇಟ್ಟು, ಧೈರ್ಯವಾಗಿ ಮೇಳಿಗೆ ಎಂಬ ಊರಿನ ಮದುವೆಯೊಂದಕ್ಕೆ ಹೋಗಿ ಸಂಜೆ ಬಂದರೆ ಪೆಟ್ಟಿಗೆ ತಣ್ಣಗಿತ್ತು. ನಡುವೆ ಕರೆಂಟು ಹೋಗಿ ಬಂದಿತ್ತು. ಕಂಪ್ಯೂಟರು ಕಲಿಸಿದ್ದೆಲ್ಲ ಮರೆತು, ಪರದೆಯ ಮೇಲೆ ಒಂದು ಚೌಕವನ್ನು ಮಿಟುಕಿಸುತ್ತ, ಯಾರಾದರೂ ಬಂದು ಏನಾದರೂ ಹೇಳಲಿ ಎಂದು ಕೂತಿತ್ತು.

ಟೀಚರಕ್ಕ ರೇಷ್ಮೆ ಸೀರೆಯಲ್ಲೇ ಹೊಸ್ತಿಲ ಮೇಲೆ ಕುಳಿತರು. ಆ ಚೌಕವನ್ನೇ ನೋಡುತ್ತ ಅಂದರು: "ಅದು ಮೊಟ್ಟೆ ಕಾಯ್ಲಿಲ್ಲ, ನಮ್ಮನ್ನ ಕಾಯ್ತಾ ಇತ್ತು. ಎದುರಿಗೆ ಯಾವಾಗ್ಲೂ ಮನುಷ್ಯ ಇರ್ತಾನೆ ಅಂದ್ಕೊಂಡೇ ಅದನ್ನ ಮಾಡಿರೋದು. ನಾನು ಅದನ್ನ ಯೋಚನೆ ಮಾಡ್ಬೇಕಿತ್ತು."

ಮರುದಿನ ಹಳೆಯ ಲಾರಿ ಬ್ಯಾಟರಿಯೊಂದನ್ನು ತರಿಸಿ, ಕರೆಂಟು ಹೋದರೂ ಕಂಪ್ಯೂಟರು ಆರದಂತೆ ಕಟ್ಟಿದರು. ಎದುರಿಗೆ ನೋಡುವವರು ಇರುವುದಿಲ್ಲವೆಂದು ಟಿವಿ ಬಿಚ್ಚಿಟ್ಟರು. ಪ್ರೋಗ್ರಾಮಿನಲ್ಲಿದ್ದ ಬಣ್ಣ, ಅಕ್ಷರಗಳನ್ನೆಲ್ಲ ಅಳಿಸಿದರು. ಬಿಸಿ ಇಳಿದರೆ ಅಡುಗೆಮನೆಯಲ್ಲಿ ಗಂಟೆ ಬಾರಿಸುವಂತೆ ಮಾಡಿದರು.

ಮಳೆಗಾಲದಲ್ಲಿ ಬೆಂಗಳೂರಿನವರು ಹೊಸ ಡಬ್ಬಿ ಹಿಡಿದು ಬಂದರು. "ಇದು ಈ ಕೆಲ್ಸಕ್ಕೇ ಅಂತ ಮಾಡಿದ್ದು ಮೇಡಂ. ಆ ಕಂಪ್ಯೂಟರನ್ನ ನಂಬ್ಕೊಂಡು ಇರ್ಬೇಡಿ."

"ನಿಮ್ದು ಕೆಟ್ರೆ ನೀವೇ ಬರ್ಬೇಕು. ಇದು ಕೆಟ್ರೆ ಇವಳು ಸಾಕು" ಎಂದು ಟೀಚರಕ್ಕ ನನ್ನ ಕಡೆ ಕೈ ತೋರಿಸಿದರು.

ಆಗ ನನಗೆ ಅದರಲ್ಲಿ ಒಂದಕ್ಷರವೂ ಬರುತ್ತಿರಲಿಲ್ಲ. ಬೆಂಗಳೂರಿನವರು ಹೋದ ಮೇಲೆ ಅಕ್ಕನ ಜೊತೆ ಜಗಳವಾಡಿದೆ. "ಹೇಳಿ ಆಯ್ತಲ್ಲ, ಇನ್ನು ಕಲಿ" ಎಂದು ಟಿವಿಯನ್ನು ಮತ್ತೆ ಸಿಕ್ಕಿಸಿ ಕುರ್ಚಿ ಎಳೆದುಕೊಟ್ಟರು. ಅಡುಗೆ ಮುಗಿಸಿ ಹೋಗಿ ಕೂರುತ್ತಿದ್ದೆ. ತಪ್ಪಿದರೆ ಬೈಯುತ್ತಿರಲಿಲ್ಲ, "ಇನ್ನೊಂದು ಸಲ ಓದು" ಅನ್ನುತ್ತಿದ್ದರು.

ಕೆಲವು ವರ್ಷಗಳಾದ ಮೇಲೆ ಉಬ್ಬಸ ಹೆಚ್ಚಾಗಿ ಅವರು ಆಸ್ಪತ್ರೆ ಸೇರಿದರು. ಆಗಲೇ ಬಿಸಿ ಅಳೆಯುವ ಹಳೆಯ ತಂತಿ ಕೆಟ್ಟಿತು. ಹೊಸದನ್ನು ಹಾಕಿದರೆ ಅದು ತೋರಿಸುವ ಲೆಕ್ಕವೇ ಬೇರೆ. ಒಬ್ಬಳೇ ಕೂತು, ಆ ಲೆಕ್ಕಕ್ಕೆ ಹೊಂದುವಂತೆ ಪ್ರೋಗ್ರಾಮು ತಿದ್ದಿದೆ. ನೋಡಲು ಹೋದಾಗ ವಿಷಯ ತಿಳಿಸಿದೆ.

"ಯಾವ ಸಾಲು ತಿದ್ದಿದ್ದು ನೀನು?"

ಹೇಳಿದೆ. ಅವರು ಕಣ್ಣು ಮುಚ್ಚಿ ಯೋಚಿಸಿದರು. "ನಾನಾಗಿದ್ರೆ ಇನ್ನೊಂದು ಸಾಲು ಮುಟ್ತಿದ್ದೆ. ನಿನ್ನದೇ ಚೆನ್ನಾಗಿದೆ."

ಅದೇ ವಾರ ಟೀಚರಕ್ಕ ತೀರಿಕೊಂಡರು. ಅವರನ್ನು ಕಳಿಸಿಕೊಟ್ಟು ಬಂದು, ಸ್ನಾನ ಮಾಡಿ, ಹಿತ್ತಲ ಕೋಣೆಯ ಬಾಗಿಲು ತೆಗೆದೆ. ಮೊಟ್ಟೆ ಹೊರಳಿಸುವ ಹೊತ್ತಾಗಿತ್ತು. ಒಂದೊಂದಾಗಿ ಹೊರಳಿಸುತ್ತ ಹೋದೆ.