ಮುದುಕವ್ವ ಒತ್ತಿದ ಗುಂಡಿ

ಮುದುಕವ್ವ ತನ್ನ ಕೈಯನ್ನೇ ಬೈದುಕೊಂಡಳು. ಬೆಳಿಗ್ಗೆ ಫೋನಿನಲ್ಲಿ ಆ ಮಾತು ಕೇಳಿದಾಗಿನಿಂದ ಅದು ನನ್ನನ್ನು ಬಿಡುತ್ತಿಲ್ಲ. ಮಗಳಿಗೆ ಗಂಜಿ ತಿನ್ನಿಸುವಾಗಲೂ ಅದೇ, ಅವಳ ಅಂಗಿ ಒಣಹಾಕುವಾಗಲೂ ಅದೇ. ಒಲೆಯ ಮೇಲಿಟ್ಟ ಹಾಲು ಉಕ್ಕಿ ಹೋದದ್ದೂ ತಿಳಿಯಲಿಲ್ಲ.

ಬಿಜ್ಜರಗಿಯ ಮುದುಕವ್ವನಿಗೆ ಎಪ್ಪತ್ತರ ಹತ್ತಿರ ವಯಸ್ಸು. ಹನ್ನೆರಡು ಆಡು ಸಾಕಿದ್ದಾಳೆ. ಆದರೆ ತಿಕೋಟಾ ಸುತ್ತಲಿನ ಹೆಂಗಸರು ಅವಳನ್ನು ಬಲ್ಲದ್ದು ಕೂಸುಗಳಿಂದ. ಮೂವತ್ತು ವರ್ಷಗಳಿಂದ ಬಾಣಂತಿಯರಿಗೆ, ಹಸುಗೂಸುಗಳಿಗೆ ಎಣ್ಣೆ ಹಚ್ಚಿ ನೀರು ಎರೆಯುತ್ತಾಳೆ. ನನಗೆ ತಾಯಿ ಇಲ್ಲ. ಹೀಗಾಗಿ ಬಾಣಂತನ ತಿಕೋಟಾದ ಅತ್ತೆಯ ಮನೆಯಲ್ಲೇ ಆಯಿತು. ವಿಜಯಪುರದಲ್ಲೇ ಓದಿ ಬೆಳೆದ ನನಗೆ ಕೂಸನ್ನು ಎತ್ತಿಕೊಳ್ಳಲೂ ಭಯ. ಮೊದಲ ದಿನ ಅವಳು ಬಚ್ಚಲಲ್ಲಿ ಕಾಲು ಚಾಚಿ ಕುಳಿತು ನನ್ನ ಮಗಳನ್ನು ಕಾಲ ಮೇಲೆ ಬೋರಲು ಮಲಗಿಸಿಕೊಂಡಾಗ ನಾನು ಕೂಗಿಯೇ ಬಿಟ್ಟೆ.

“ಯವ್ವಾ, ಬಿದ್ದೀತು!”

“ಬೀಳೂದಿಲ್ಲ ಬೇ. ಅಷ್ಟು ಸಾಲಿ ಕಲ್ತಿ, ಕೂಸು ಹಿಡಿಯೂದು ಒಂದ್ ಪುಸ್ತಕದಾಗೂ ಇದ್ದಿಲ್ಲೇನು?” ಎಂದು ನಕ್ಕಳು.

ಆಮೇಲೆ ಗಮನಿಸಿದೆ, ಅವಳು ಕೂಸಿನತ್ತ ನೋಡುತ್ತಲೇ ಇರಲಿಲ್ಲ. ಎಡಗಣ್ಣು ಪೂರ್ತಿ ಹೋಗಿತ್ತು, ಬಲಗಣ್ಣಿಗೆ ಪೊರೆ ಬಂದಿತ್ತು. ನೀರಿನ ಬಿಸಿಯನ್ನು ಮೊಣಕೈಯಿಂದ ನೋಡುತ್ತಿದ್ದಳು, ಆಡುಗಳನ್ನು ಕಿವಿ ಮುಟ್ಟಿ ಎಣಿಸುತ್ತಿದ್ದಳು. ಒಂದು ದಿನ ನನ್ನ ಮಗಳ ಬೆನ್ನ ಮೇಲೆ ಅಂಗೈ ಇಟ್ಟವಳು, “ಇವತ್ತ ಎರಿಯೂದು ಬ್ಯಾಡ” ಎಂದಳು. ಸಂಜೆ ಮಗಳಿಗೆ ಜ್ವರ ಬಂತು.

“ಕಣ್ಣು ಹ್ವಾದ್ರ ಹೋಗ್ಲಿ, ಕೈ ಐತಲ್ಲ” ಎನ್ನುತ್ತಿದ್ದ ಮುದುಕವ್ವ ಆಪರೇಷನ್ನಿಗೆ ಒಪ್ಪಿದ್ದು, ಒಮ್ಮೆ ಕುದಿಯುವ ಹಂಡೆಗೆ ಎಡವಿದ ಮೇಲೆ. ಆಗ ಅವಳ ಕೈಯಲ್ಲಿ ಕೂಸಿರಲಿಲ್ಲ, ಪುಣ್ಯ. ವಿಜಯಪುರದ ಒಂದು ಕಣ್ಣಾಸ್ಪತ್ರೆ ವರ್ಷಕ್ಕೊಮ್ಮೆ ಶಿಬಿರ ನಡೆಸುತ್ತದೆ. ತಪಾಸಣೆ ಮಾಡಿದ ಡಾಕ್ಟರು, ಮುಂದಿನ ವರ್ಷದವರೆಗೆ ಕಾದರೆ ಬಲಗಣ್ಣೂ ಉಳಿಯುವುದಿಲ್ಲ ಎಂದಿದ್ದರು. ಆಯ್ಕೆಯಾದವರು ಹತ್ತಿರದ ಕಂಪ್ಯೂಟರ್ ಕೇಂದ್ರಕ್ಕೆ ಹೋಗಿ, ಬರುತ್ತೇವೆ ಎಂದು ತಿಳಿಸಬೇಕಿತ್ತು. ಅದಕ್ಕಾಗಿ ಆಸ್ಪತ್ರೆ ನಮ್ಮ ಆಫೀಸಿನಿಂದ ಮಾಡಿಸಿದ ಕಂಪ್ಯೂಟರ್ ಫಾರ್ಮನ್ನು ಬರೆದ ಪ್ರೋಗ್ರಾಮರ್ ನಾನು. ಮನೆಯಲ್ಲೇ ಕುಳಿತು, ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು.

ಬೆಳಿಗ್ಗೆ ಫೋನ್ ಮಾಡಿದ್ದು ಮುದುಕವ್ವನ ಸೊಸೆ ರೇಣುಕಾ.

“ಅಕ್ಕಾರ, ಅತ್ತಿ ಹೆಸರ ಪಟ್ಟಿಯೊಳಗಿಲ್ರಿ. ದವಾಖಾನಿಯವರನ್ನ ಕೇಳಿದ್ರ, ‘ಬರೂದಿಲ್ಲ ಅಂತ ನಿಮ್ಮಾಕಿನ ಒತ್ಯಾಳ’ ಅಂತಾರ.”

ಫೋನು ಮುದುಕವ್ವನ ಕೈಗೆ ಹೋಯಿತು.

“ದಾದಾಸಾಬ ಎಲ್ಲಾ ತುಂಬಿ, ಆ ಗುಂಡಿ ಹಲಗಿ ನನ್ನ ಮುಂದ ಸರಿಸಿದನವ್ವಾ. ‘ಯವ್ವಾ, ಕೂಸು ಎತ್ತೂ ಕೈ ನಿಂದು. ದೊಡ್ಡ ಗುಂಡಿ ನೀನ ಒತ್ತು, ಚೊಲೋ ಆಗ್ತೈತಿ’ ಅಂದ. ನಾನ ಒತ್ತೀನಿ. ಕೈ ಸುಡ್ಲಿ ನಂದು. ನಮ್ಮ ಓಣಿ ಮಹಾನಂದಾನ ಕೂಸಿಗೆ ಇವತ್ತ ಎರಿಯಾಕ ಹೋಗಿಲ್ಲ. ಈ ಕೈ ನಂಬಿ ಯಾರ ಕೂಸು ಹಿಡೀಲಿ?”

ತಿಕೋಟಾದಲ್ಲಿ ಕೇಂದ್ರ ನಡೆಸುವ ದಾದಾಸಾಬನ ಪದ್ಧತಿ ಅದು. ಹಿಂದೆ ಹೆಬ್ಬೆಟ್ಟು ಒತ್ತಿಸುತ್ತಿದ್ದ ಹಾಗೆ, ಕೊನೆಯ ಎಂಟರ್ ಗುಂಡಿಯನ್ನು ಅರ್ಜಿದಾರರ ಕೈಯಿಂದಲೇ ಒತ್ತಿಸುತ್ತಾನೆ. ಮೌಸು ಹಿಡಿಯಲು ಮುದುಕರಿಗೆ ಎಲ್ಲಿ ಬರುತ್ತದೆ?

ಲ್ಯಾಪ್‌ಟಾಪ್ ತೆರೆದೆ. ಬಬಲೇಶ್ವರದ ಕೇಂದ್ರದಿಂದ ಉತ್ತರಿಸಿದ ಹತ್ತೊಂಬತ್ತು ಜನರೂ ‘ಬರುತ್ತೇನೆ’. ತಿಕೋಟಾದ ಹನ್ನೊಂದು ಜನರೂ ‘ಬರುವುದಿಲ್ಲ’. ಒಬ್ಬರೂ ಬಿಡದೆ.

ಫಾರ್ಮು ಒಂದೇ, ಗುಂಡಿ ಎರಡು. ಯಾವುದನ್ನು ಒತ್ತಿದರೂ ಅದು ಹೋಗುವುದು ನಾನು ಜಾವಾದಲ್ಲಿ ಬರೆದ ಒಂದೇ ಪ್ರೋಗ್ರಾಮಿಗೆ. ಒತ್ತಿದ ಗುಂಡಿಯ ಹೆಸರು ಮಾತ್ರ ಜೊತೆಗೆ ಬರುತ್ತದೆ. ಆ ಹೆಸರು ನೋಡಿ ಪ್ರೋಗ್ರಾಮು ಬರುವವರು ಯಾರು, ಬಾರದವರು ಯಾರು ಎಂದು ಬರೆದುಕೊಳ್ಳುತ್ತದೆ. ಬಬಲೇಶ್ವರದವರು ಮೌಸಿನಿಂದ ಒತ್ತಿದ್ದರು, ಅಷ್ಟರ ಮಟ್ಟಿಗೆ ಸರಿಯಾಗಿಯೇ ಇತ್ತು. ಆದರೆ ಮೌಸಿನಿಂದ ಒತ್ತದೆ ಎಂಟರ್ ಹೊಡೆದರೆ, ಫಾರ್ಮಿನಲ್ಲಿ ಮೊದಲು ಯಾವ ಗುಂಡಿ ಇದೆಯೋ ಅದನ್ನೇ ಒತ್ತಿದಂತೆ ಬ್ರೌಸರು ತಿಳಿಯುತ್ತದೆ. ಬಾರದವರು ಪೂರ್ತಿ ಫಾರ್ಮು ತುಂಬುವ ಕಷ್ಟ ಯಾಕೆಂದು ‘ಬರುವುದಿಲ್ಲ’ವನ್ನು ಮೇಲೆ ಇಟ್ಟವಳು ನಾನು. ಪ್ರತಿ ಸಲವೂ ಮೌಸಿನಿಂದಲೇ ಒತ್ತಿ ನೋಡಿ, ಸರಿಯಿದೆ ಎಂದವಳೂ ನಾನು. ಎರಡಕ್ಕೂ ‘ನಿಮ್ಮ ಉತ್ತರ ದಾಖಲಾಗಿದೆ’ ಎಂಬ ಒಂದೇ ಸಾಲು ಬರೆದಿದ್ದೆ. ಪಾಪ, ಅದನ್ನು ಓದಿ ದಾದಾಸಾಬ ಎಲ್ಲರಿಗೂ ಶುಭ ಹೇಳಿ ಕಳಿಸಿದ್ದ.

‘ಬರುವುದಿಲ್ಲ’ವನ್ನು ಬೇರೆ ಫಾರ್ಮಿಗೆ ತೆಗೆದಿಟ್ಟೆ. ಹತ್ತು ನಿಮಿಷದ ಕೆಲಸ. ಹನ್ನೊಂದು ಹೆಸರುಗಳನ್ನೂ ತಿದ್ದಿಬಿಡಲೇ ಎಂದು ಕೈ ಹೋಯಿತು. ಏನು ಪ್ರಯೋಜನ? ಆಸ್ಪತ್ರೆಯವರು ಪಟ್ಟಿಯನ್ನು ಆಗಲೇ ಕಾಗದದ ಮೇಲೆ ಇಳಿಸಿಕೊಂಡಿದ್ದರು. ನಾಲ್ಕು ಗಂಟೆಗೆ ಖಾಲಿ ಜಾಗಗಳಿಗೆ ಬೇರೆಯವರನ್ನು ಕರೆಯುತ್ತಾರೆ.

ನಮ್ಮ ಆಫೀಸಿನ ಯಜಮಾನ ಅಜಿತ ಸರ್‌ಗೆ ಎಲ್ಲ ಬರೆದು ಕಳಿಸಿದೆ. ಅವರೇ ಫೋನ್ ಮಾಡಿದರು.

“ಗುಂಡಿ ಸರಿ ಮಾಡೀರಲ್ಲ, ಮುಗೀತು. ಹಳ್ಳಿ ಮಂದಿ ತಪ್ಪು ಒತ್ಯಾರ ಅಂತ ದವಾಖಾನಿಯವರ ತಿಳ್ಕೊಂಡಾರ, ಹಂಗ ಇರ್ಲಿ.”

“ಸರ್, ಆಕಿ ಕಣ್ಣು ಹೋಗ್ತದ್ರಿ.”

“ಬಾಯಿ ಬಿಟ್ರ ನಮ್ಮ ಕೆಲಸ ಹೋಗ್ತೈತ್ರಿ. ಆಮ್ಯಾಲ ನಿಮ್ಮನ್ನ ಇಟ್ಕೊಳ್ಳಾಕ ನನಗ ಆಗೂದಿಲ್ಲ. ಕೂಸಿನ ತಾಯಿ ಅದೀರಿ, ವಿಚಾರ ಮಾಡ್ರಿ.”

ವಿಚಾರ ಮಾಡಿದೆ. ಬೇರೇನು ಮಾಡಿದ್ದೇನೆ ಬೆಳಗಿನಿಂದ? ಕೂಸಿನ ತಾಯಿಗೆ ಮನೆಯಿಂದಲೇ ಮಾಡುವ ಕೆಲಸವನ್ನು ಈ ವಿಜಯಪುರದಲ್ಲಿ ಇನ್ನು ಯಾರು ಕೊಡುತ್ತಾರೆ? ಮೂರು ಹತ್ತಾಯಿತು. ಮೂರೂವರೆಯಾಯಿತು. ಮಗಳು ರಚ್ಚೆ ಹಿಡಿದಿದ್ದಳು. ಕೆಳಗೆ ಕುಳಿತು, ಮುದುಕವ್ವ ಕಲಿಸಿದ ಹಾಗೆ ಕಾಲು ಚಾಚಿ ಅವಳನ್ನು ಬೋರಲು ಮಲಗಿಸಿಕೊಂಡೆ, ಬೆನ್ನ ಮೇಲೆ ಅಂಗೈ ಇಟ್ಟೆ. ಅಳು ನಿಂತಿತು. ಬಿಜ್ಜರಗಿಯಲ್ಲಿ ಆ ಹೊತ್ತಿಗೆ ಮುದುಕವ್ವ ತನ್ನ ಕೈಯನ್ನು ಎಲ್ಲಿ ಇಟ್ಟುಕೊಂಡು ಕುಳಿತಿದ್ದಳೋ.

ನಾಲ್ಕಕ್ಕೆ ಎಂಟು ನಿಮಿಷವಿತ್ತು. ಇನ್ನೊಂದು ಕೈಯಿಂದ ಫೋನು ತೆಗೆದೆ. ಆಸ್ಪತ್ರೆಯಲ್ಲಿ ಪಟ್ಟಿ ನೋಡಿಕೊಳ್ಳುವ ಲಲಿತಾ ಮೇಡಂ ಎತ್ತಿದರು.

“ಯಾರ್ರಿ? ಲಗೂ ಹೇಳ್ರಿ, ಮಂದಿಗೆ ಫೋನ್ ಹಚ್ಚಾಕ ಕುಂತೇನಿ.”

“ಹಚ್ಚಬ್ಯಾಡ್ರಿ ಮೇಡಂ, ಒಂದ್ ನಿಮಿಷ ತಡೀರಿ. ತಿಕೋಟಾದ ಹನ್ನೊಂದು ಮಂದಿ ಬರ್ತೀವಿ ಅಂತನ ಒತ್ಯಾರ್ರಿ. ಅದನ್ನ ಬರೂದಿಲ್ಲ ಅಂತ ಮಾಡಿದಾಕಿ ನಾನು. ಫಾರ್ಮು ಬರ್ದಾಕಿ ನಾನ್ರಿ.”